ದುರಗವ್ವನಿಗೆ ಕೊಡಬೇಕಾದ ಜವಾಬು

ಕಾಲುವೆಗೆ ವರ್ಷದ ಮೊದಲ ನೀರು ಬಿಟ್ಟಾಗ ಒಂದು ವಾಸನೆ ಬರುತ್ತದೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಬೇರೆ, ಇದು ಬೇರೆ. ಬೇಸಿಗೆಯಿಡೀ ತಳದಲ್ಲಿ ಒಣಗಿ ಬಿರಿದ ಕೆಸರು, ಸತ್ತ ಜೊಂಡು, ಆಡಿನ ಹಿಕ್ಕೆ, ಯಾರೋ ಎಸೆದ ಹರಕು ಚಪ್ಪಲಿ, ಎಲ್ಲವನ್ನೂ ನೂಕಿಕೊಂಡು ನೊರೆಯ ತುದಿ ಮುಂದೆ ಬರುವಾಗ ಏಳುವ ಹಸಿಯಾದ, ಸ್ವಲ್ಪ ಹುಳಿಯಾದ ವಾಸನೆ. ಮಾನ್ವಿ ಸೀಮೆಯ ಜನಕ್ಕೆ ಅದು ನಾಟಿಯ ಸುದ್ದಿ. ನನಗೆ ಅದು ನಮ್ಮ ಆಯಿಯ ಸೆರಗಿನ ಗಂಟಿನ ನೆನಪು.

ಈ ವರ್ಷ ಆ ವಾಸನೆ ಸಿಕ್ಕಿದ್ದು ಮಲ್ಲಟದಲ್ಲಿ. ಮಾನ್ವಿಯ ಕಾಲೇಜಿಗೆ ಪರೀಕ್ಷೆಯ ಕೆಲಸಕ್ಕೆಂದು ಹೋದವಳು, ಮಧ್ಯಾಹ್ನ ಬಿಡುವಾದ ಮೇಲೆ ರಾಯಚೂರಿನ ಬಸ್ಸು ಬಿಟ್ಟು ಮಲ್ಲಟದ ಬಸ್ಸು ಹತ್ತಿದೆ. ಆ ಊರಿನಲ್ಲಿ ನನಗೆ ಮನೆಯಿಲ್ಲ, ಹೊಲವಿಲ್ಲ, ಪರಿಚಯದ ಒಂದು ಮುಖವೂ ಇಲ್ಲ. ಕಾಲುವೆಯ ಏರಿಯ ಮೇಲೆ ನಿಂತು ನೊರೆಯ ತುದಿಯನ್ನೇ ನೋಡುತ್ತಿದ್ದಾಗ, ಹುಲ್ಲಿನ ಹೊರೆ ಹೊತ್ತ ನಡುವಯಸ್ಸಿನ ಹೆಂಗಸೊಬ್ಬಳು ಹತ್ತಿರ ಬಂದು ನಿಂತಳು. ನನ್ನ ಇಸ್ತ್ರಿಯ ಸೀರೆ, ಹೆಗಲ ಚೀಲ, ಕೈಗಡಿಯಾರ ಎಲ್ಲವನ್ನೂ ಒಂದು ಸುತ್ತು ನೋಡಿ ಕೇಳಿದಳು.

“ಯಾರ ಮನಿಗಿ ಬಂದೀರ್ರೀ?”

ಹೊಸ ಮುಖ ಕಂಡರೆ ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆಯೇ ಅದು. ಆದರೆ ಅದರ ಜವಾಬು ನನ್ನ ಬಾಯಿಗೆ ಬರಲಿಲ್ಲ.

ಜವಾಬು ಎಂಬ ಆ ಮಾತಿನ ಮೇಲೆ ನನಗೆ ಬಹಳ ಪ್ರೀತಿ. ನಿಜಾಮರ ಕಾಲದಿಂದ ನಮ್ಮ ನಾಲಿಗೆಯಲ್ಲಿ ಉಳಿದುಕೊಂಡ ಮಾತದು. ‘ಉತ್ತರ’ ಎಂಬ ಮಾತಿಗಿಲ್ಲದ ಖಡಕ್ಕು ಅದಕ್ಕಿದೆ. ರಾಯಚೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ನೀರಿನಿಂದ ಹಿಡಿದು ಊರೂರಿನ ಸ್ಮಶಾನದ ಜಾಗದವರೆಗೆ ಎಲ್ಲದಕ್ಕೂ ‘ಜವಾಬು ಕೊಡಿ’ ಎಂದು ಬರೆದ ಹಲಗೆ ಹಿಡಿದು ಬಿಸಿಲಲ್ಲಿ ನಿಂತವರು ನಾವು. ನಾನು ಬರೆದ ಲೇಖನಗಳಲ್ಲಿ ಅರ್ಧಕ್ಕೆ ಅದೇ ತಲೆಬರಹ. ಆ ಸಿಟ್ಟನ್ನು ಇವತ್ತಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ನಾಲ್ಕು ವರ್ಷದ ಹಿಂದೆ, ಒಂದು ಆಷಾಢದಿಂದ ಮುಂದಿನ ಆಷಾಢದವರೆಗಿನ ಅವಧಿಯಲ್ಲಿ, ನಾನು ಆ ಮಾತನ್ನು ಕೇಳಬಾರದವರ ಮುಂದೆ ಕೇಳಿದೆ. ಅದನ್ನು ಬರೆದು ಮುಗಿಸುವ ತನಕ ಬೇರೆ ಯಾರ ಮೇಲೂ ಆ ಮಾತನ್ನು ಎತ್ತುವ ಹಕ್ಕು ನನಗಿಲ್ಲ.

ಆಯಿ ಎಂದರೆ ಅಪ್ಪನ ತಾಯಿ, ಹುಲಿಗೆವ್ವ. ಆ ವರ್ಷ ಆಕೆಗೆ ಎಂಬತ್ತು ದಾಟಿತ್ತು. ಎಷ್ಟು ದಾಟಿತ್ತೆಂದು ಹೇಳುವ ಕಾಗದ ಯಾವುದೂ ಇರಲಿಲ್ಲ. ಹುಟ್ಟಿದ್ದು ಜಾಲಹಳ್ಳಿಯ ಕಡೆ, ಮದುವೆಯಾಗಿ ಬಂದದ್ದು ದೇವದುರ್ಗಕ್ಕೆ. ಹೊಲವಿಲ್ಲದ ಮನೆ. ಮಣ್ಣು ಹೊತ್ತಳು, ಕಲ್ಲು ಹೊತ್ತಳು, ಮಾನ್ವಿಯ ಗದ್ದೆಗಳಲ್ಲಿ ಮೊಣಕಾಲು ಮಟ್ಟದ ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚಿದಳು, ಹತ್ತಿ ಬಿಡಿಸಿದಳು. ನಡುವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮೂರು ಮಕ್ಕಳನ್ನು ಬೆಳೆಸಿದಳು. ಅಪ್ಪ ಹಾಸ್ಟೆಲಿನಲ್ಲಿ ಓದುವಾಗ ವಾರಕ್ಕೊಮ್ಮೆ ರೊಟ್ಟಿಯ ಗಂಟು ಹೊತ್ತು ಹದಿನಾರು ಮೈಲಿ ನಡೆದು ಹೋಗುತ್ತಿದ್ದಳಂತೆ. ಹುಡುಗರ ಮುಂದೆ ಮಗನಿಗೆ ನಾಚಿಕೆಯಾದೀತೆಂದು ಗಂಟನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಮರೆಗೆ ನಿಂತು, ಅವನು ಬಂದು ಎತ್ತಿಕೊಂಡ ಮೇಲೆ ಹೊರಡುತ್ತಿದ್ದಳಂತೆ. ಅಪ್ಪ ಮಾಸ್ತರರಾದರು, ಚಿಕ್ಕಪ್ಪ ನರ್ಸಿಂಗ್ ಓದಿದರು, ಅತ್ತೆ ಅಂಗನವಾಡಿ ಸೇರಿದಳು, ನಾನು ವಿಶ್ವವಿದ್ಯಾಲಯದ ತನಕ ಹೋದೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಆಕೆಯ ರೂಢಿ ಮಾತ್ರ ಹಾಗೇ ಉಳಿಯಿತು.

ಇನ್ನೊಂದು ರೂಢಿಯೂ ಇತ್ತು. ಬೆಳಿಗ್ಗೆ ಬಡಿದ ಮೊದಲ ರೊಟ್ಟಿಯಿಂದ ಹೆಬ್ಬೆರಳಿನ ಗಾತ್ರದ ಚೂರು ಮುರಿದು, ಬಾಯಲ್ಲಿ ಊದಿ ಆರಿಸಿ, ದೇವರ ಜಗುಲಿಯ ಮೂಲೆಯಲ್ಲಿದ್ದ ಒಂದು ಕಲ್ಲಿನ ಮುಂದೆ ಇಡುತ್ತಿದ್ದಳು. “ಎದ್ದಿಯೇನವ್ವಾ, ದುರಗವ್ವಾ,” ಎನ್ನುತ್ತಿದ್ದಳು. ಮುಷ್ಟಿಯಲ್ಲಿ ಹಿಡಿಯುವಷ್ಟೇ ಕಲ್ಲು. ಕಪ್ಪು ಮೈ, ಅಡ್ಡಕ್ಕೆ ಒಂದು ಬಿಳಿ ಗೆರೆ, ಒಂದು ಕಡೆ ಚಪ್ಪಟೆ. ಜಗುಲಿಯ ಮೇಲೆ ಹಿತ್ತಾಳೆಯ ಮುಖಗಳಿದ್ದವು, ಎಲ್ಲಮ್ಮನ ಬುಟ್ಟಿಯಿತ್ತು, ಹುಲಿಗೆಮ್ಮನ ಫೋಟೊ ಇತ್ತು. ಎಲ್ಲಕ್ಕೂ ಕುಂಕುಮ, ಭಂಡಾರ. ಆ ಕಲ್ಲಿಗೆ ಕುಂಕುಮ ಹಚ್ಚುತ್ತಿರಲಿಲ್ಲ. ಮಂಗಳವಾರ ಬಿಸಿನೀರು ಹಾಕಿ, ಕುಸುಬಿ ಎಣ್ಣೆ ಸವರಿ, ಸೆರಗಿನಿಂದ ಒರೆಸಿ ಇಡುತ್ತಿದ್ದಳು.

ಎಂ.ಎ.ಯ ಎರಡನೇ ವರ್ಷ ನಾನು ಗ್ರಾಮದೇವತೆಗಳ ಮೇಲೆ ಒಂದು ಕಿರುಪ್ರಬಂಧ ಬರೆದೆ. ಅದರ ಟಿಪ್ಪಣಿ ಪುಸ್ತಕ ಈಗಲೂ ನನ್ನ ಬಳಿ ಇದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ದುರಗವ್ವ. ಕಲ್ಲಿನ ರೂಪದ ದೇವತೆ. ಕುಂಕುಮವಿಲ್ಲ. ಎಣ್ಣೆ ಮಜ್ಜನ. ರೊಟ್ಟಿಯ ಎಡೆ.’ ಕುಂಕುಮ ಏಕಿಲ್ಲ ಎಂದು ನಾನು ಕೇಳಲಿಲ್ಲ. ಬಿಸಿ ರೊಟ್ಟಿಯನ್ನು ದೇವರಿಗೆ ಯಾರಾದರೂ ಊದಿ ಆರಿಸಿ ಕೊಡುತ್ತಾರೆಯೇ ಎಂದೂ ಕೇಳಲಿಲ್ಲ.

ನಮ್ಮ ಮನೆ ಬೌದ್ಧರದಾಗುವ ಮಾತು ಅಪ್ಪನ ಕಾಲದಿಂದಲೂ ಇತ್ತು. ಗೋಡೆಯ ಮೇಲೆ ನೀಲಿ ಕೋಟಿನ ಫೋಟೊ ನಾನು ಹುಟ್ಟುವ ಮೊದಲೇ ಬಂದಿತ್ತು. ಅದರ ಕೆಳಗೇ ಜಗುಲಿ. ಪರೀಕ್ಷೆ ಮುಗಿಸಿ ದೇವದುರ್ಗಕ್ಕೆ ಮರಳಿದ ನನಗೆ ಆ ಎರಡನ್ನೂ ಒಂದೇ ಗೋಡೆಯಲ್ಲಿ ನೋಡುವುದು ಸಹಿಸಲಾಗದ ಮೋಸವಾಗಿ ಕಂಡಿತು. ಆಷಾಢ ಹುಣ್ಣಿಮೆಯ ದಿನ ಗೆಳೆಯರನ್ನು ಕರೆದು, ಮನೆಮಂದಿಯೆಲ್ಲ ದೀಕ್ಷೆ ತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆ. ಆ ನಿಶ್ಚಯದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ನಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿದ ಎಲ್ಲದರಿಂದ ನಾವು ಎದ್ದು ಬಂದದ್ದು ಸರಿ. ನಾನು ಬರೆಯುತ್ತಿರುವುದು ಅದರ ಮರುದಿನದ ಸಂಗತಿ.

ಅಪ್ಪ ಒಂದೇ ಮಾತು ಹೇಳಿದ್ದರು. “ಜಗಲಿ ವಿಷಯ ಅವ್ವನ್ನ ಕೇಳಿ ಮಾಡವ್ವ.”

“ಕೇಳೀನಪ್ಪ,” ಅಂದೆ. ನಾನು ಆಯಿಗೆ ಹೇಳಿದ್ದೆ. ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಜಗುಲಿಯದನ್ನೆಲ್ಲ ಹಳೆಯ ದುಪ್ಪಟ್ಟಿಯಲ್ಲಿ ಗಂಟು ಕಟ್ಟಿದೆ. ಕೃಷ್ಣೆಯ ದಂಡೆಯ ಊರು ಗೂಗಲ್ಲಿಗೆ ಹೋಗಿ ಹೊಳೆಯಲ್ಲಿ ಬಿಟ್ಟು ಬರುವುದೆಂದು ಇಬ್ಬರು ಗೆಳತಿಯರೊಂದಿಗೆ ಹೊರಟೆ. ಆಯಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರ್ತೀನಿ.”

“ನೀ ಯಾಕ ಆಯಿ, ಬಸ್ಸಿನಾಗ ತ್ರಾಸಾಗ್ತದ.”

“ಇಷ್ಟು ದಿನ ಮನ್ಯಾಗ ಇದ್ದವರನ್ನ ಕಳಸಾಕ ಮನಿಯಾಕಿ ಬ್ಯಾಡೇನು?”

ಗೆಳತಿಯರು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಆಯಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ತಿರುವು ಬಂದಾಗೆಲ್ಲ ಎರಡೂ ಕೈಯಿಂದ ಹಿಡಿದುಕೊಳ್ಳುತ್ತ ಕೂತಿದ್ದಳು.

ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಕೃಷ್ಣೆ ಕೆಂಪಗೆ, ದಂಡೆಯ ಕಲ್ಲುಗಳನ್ನು ನೆಕ್ಕುತ್ತ ಹರಿಯುತ್ತಿದ್ದಳು. ನಾನು ಒಂದೊಂದನ್ನೇ ತೆಗೆದು ನೀರಿಗೆ ಬಿಟ್ಟೆ. ಆಯಿ ಎಲ್ಲಕ್ಕೂ ಕೈ ಮುಗಿದಳು. ಗಂಟು ಬರಿದಾದಾಗ ನೋಡಿದರೆ ಆ ಕಲ್ಲು ಅದರಲ್ಲಿರಲಿಲ್ಲ. ಆಯಿಯ ಮುಷ್ಟಿಯಲ್ಲಿತ್ತು.

“ಇದೊಂದು ಇರಲಿ ಬಿಡವ್ವ.”

“ಒಂದು ಇಟ್ಕೊಂಡ್ರ ಎಲ್ಲಾ ಇಟ್ಕೊಂಡಂಗ ಆಯಿ.”

“ಇದು ಯಾರಿಗೂ ಏನೂ ಕೇಳಂಗಿಲ್ಲ. ಮೂಲ್ಯಾಗ ಇರ್ತದ.”

ಗೆಳತಿಯರು ನೋಡುತ್ತಿದ್ದರು. ನನ್ನ ಅಜ್ಜಿಯನ್ನೇ ಒಪ್ಪಿಸಲಾಗದವಳು ಊರನ್ನು ಏನು ಒಪ್ಪಿಸುತ್ತೇನೆ ಎಂಬ ಅಳುಕು ನನ್ನ ಬೆನ್ನಿನಲ್ಲಿತ್ತು. ಆಗ ನಾನು, ಇಡೀ ಊರಿಗೆ ಕೇಳಿಸಬೇಕೆನ್ನುವ ನನ್ನ ಸಭೆಯ ದನಿಯಲ್ಲಿ, ಆ ಮಾತು ಆಡಿದೆ.

“ಯಾಕ ಇರಬೇಕು? ಒಂದು ಕಾರಣ ಹೇಳು. ಜವಾಬು ಕೊಡು ಆಯಿ.”

ಆಯಿ ನನ್ನ ಮುಖ ನೋಡಿದಳು.

“ಜವಾಬು ಇಲ್ಲವ್ವ,” ಅಂದಳು. ಆಮೇಲೆ, “ನಾನೇ ಬಿಡ್ಲೇನು?” ಎಂದು ಕೇಳಿದಳು.

ನನಗೆ ಗೆದ್ದ ಸಂತೋಷ. ಆಯಿ ದಂಡೆಯ ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಎಡ ಅಂಗೈ ಮೇಲೆ ಆ ಕಲ್ಲನ್ನಿಟ್ಟು, ಬಲಗೈಯಿಂದ ನೀರು ಎತ್ತೆತ್ತಿ ಹಾಕಿದಳು. ಬೆರಳಿನಿಂದ ಬಿಳಿ ಗೆರೆಯ ಉದ್ದಕ್ಕೂ ತಿಕ್ಕಿದಳು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಎಸೆಯಲಿಲ್ಲ, ಕೈಯನ್ನೇ ನೀರಿನೊಳಗೆ ಇಳಿಸಿ, ಬೆರಳು ಬಿಡಿಸಿದಳು. ನಾನು ಫೋನಿನಲ್ಲಿ ಅದರ ಫೋಟೊ ತೆಗೆದೆ: ಸುಕ್ಕಿನ ಅಂಗೈ, ಕಪ್ಪು ಕಲ್ಲು, ಕೆಂಪು ನೀರು. ಆ ಸಂಜೆ ಅದನ್ನು ಜಾಲತಾಣದಲ್ಲಿ ಹಾಕಿ, ‘ನಮ್ಮ ಆಯಿ ಇಂದು ಎಂಟು ದಶಕದ ಭಾರ ಇಳಿಸಿದಳು’ ಎಂದು ಬರೆದೆ. ಮೆಚ್ಚಿದವರಿಗೆ ಲೆಕ್ಕವಿರಲಿಲ್ಲ.

ಆ ಮಳೆಗಾಲ ಆಯಿ ನಮಗಿಂತ ಶ್ರದ್ಧೆಯಿಂದ ನಡೆದುಕೊಂಡಳು. ಹುಣ್ಣಿಮೆಗೆ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಬಂದಳು. ಮಂತ್ರ ಬಾಯಿಗೆ ಸರಿಯಾಗಿ ಹತ್ತದಿದ್ದರೂ ಎಲ್ಲರಿಗಿಂತ ಅರ್ಧ ಗಳಿಗೆ ಹಿಂದೆ ತಾನೊಬ್ಬಳೇ ಮುಗಿಸುತ್ತಿದ್ದಳು. ನಾನು ಒಮ್ಮೆ, ಹೊಸ ಧರ್ಮ ಹೇಗಿದೆಯೆಂದು ಕೇಳಿದ್ದಕ್ಕೆ ರೊಟ್ಟಿ ಬಡಿಯುತ್ತಲೇ ಹೇಳಿದಳು.

“ನಿಮ್ಮ ಬುದ್ಧನೂ ಸುಮ್ಮನ ಕುಂತಾನ, ನಮ್ಮ ಹುಲಿಗೆಮ್ಮನೂ ಸುಮ್ಮನ ಕುಂತಿದ್ಲು. ಮುಂಜಾನೆದ್ದು ರೊಟ್ಟಿ ಬಡಿಯಾಕಿ ನಾನೇ.”

ನಮ್ಮವ್ವ ಒಳಗಿಂದ ನಕ್ಕಳು. ನಾನು ಅದನ್ನೂ ಗೆಳೆಯರಿಗೆ ಹೇಳಿ ನಗಿಸಿದೆ. ನಾನು ಗಮನಿಸದೆ ಬಿಟ್ಟದ್ದು ಬೇರೆಯೇ ಇತ್ತು. ಮೊದಲ ರೊಟ್ಟಿಯ ಚೂರನ್ನು ಆಯಿ ಈಗಲೂ ಮುರಿಯುತ್ತಿದ್ದಳು, ಊದುತ್ತಿದ್ದಳು. ಮುರಿದು ಊದಿದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕ್ಷಣ ಕೈ ಗಾಳಿಯಲ್ಲಿ ನಿಲ್ಲುತ್ತಿತ್ತು.

ಪುಷ್ಯ ಮಾಸದ ಒಂದು ಮಧ್ಯಾಹ್ನ ಅಂಗಳದಲ್ಲಿ ನಾನೂ ಆಯಿಯೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು. ಘಾಟಿಗೆ ನಾನು ಸೀನುತ್ತಿದ್ದೆ. “ಎಂ.ಎ. ಮೂಗು,” ಎಂದು ಆಯಿ ಚಾಷ್ಟಿ ಮಾಡುತ್ತಿದ್ದಳು. ಆಕೆಯ ಸೆರಗಿನ ತುದಿಗೆ ಇರುವೆಗಳ ಸಾಲು ಹತ್ತಿದ್ದು ಕಂಡು, ಕೊಡವಲೆಂದು ಎಳೆದುಕೊಂಡರೆ ಅಲ್ಲೊಂದು ಗಂಟು. ಎಲೆ ಅಡಿಕೆ ಇರಬೇಕೆಂದು ಬಿಚ್ಚಿದೆ. ಒಳಗೆ ಒಣಗಿ ಹಪ್ಪಳದಂತಾದ ರೊಟ್ಟಿಯ ಚೂರುಗಳು. ಹೆಬ್ಬೆರಳಿನ ಗಾತ್ರದವು.

“ಇದೇನು ಆಯಿ?”

ಕಸಿದುಕೊಳ್ಳಲು ಬಂದ ಕೈ ಅರ್ಧಕ್ಕೆ ನಿಂತಿತು. “ಎಲ್ಲಿಡಬೇಕಂತ ತಿಳಿವಲ್ದವ್ವ. ವಾರಕ್ಕೊಮ್ಮಿ ಕಾಗಿಗಿ ಹಾಕ್ತೀನಿ.”

“ದೇವರು ಹೋದ ಮ್ಯಾಲೂ ಎಡಿ ಯಾಕ?”

ಆಯಿ ಒಂದು ಕಾಯಿಯ ತೊಟ್ಟು ಮುರಿದು ಪಕ್ಕಕ್ಕಿಟ್ಟಳು. ಇನ್ನೊಂದು ಮುರಿದಳು.

“ಆಕಿ ದೇವ್ರಲ್ಲ,” ಅಂದಳು. “ಆಕಿ ನನ್ನ ಮಗಳು.”

ನಮ್ಮ ಕಡೆ ಹೆಣ್ಣುಮಕ್ಕಳಿಗೆ ದೇವತೆಯರ ಹೆಸರಿಡುತ್ತಾರೆ. ಓಣಿಗೆ ನಾಲ್ಕು ಹುಲಿಗೆವ್ವ, ಐದು ಎಲ್ಲವ್ವ, ಹತ್ತು ದುರಗವ್ವ. ನನ್ನ ಸ್ವಂತ ಆಯಿಗೇ ದೇವಿಯ ಹೆಸರಿತ್ತು. ಇಷ್ಟು ತಿಳಿದೂ, ಮನೆಯೊಳಗೆ ದಿನಾ ಕೇಳಿದ ಒಂದು ಹೆಸರು ಮನುಷ್ಯರದಾಗಿರಬಹುದೆಂದು ನನಗೆ ಹೊಳೆಯಲಿಲ್ಲ. ಹೊರಗಿನವರಾರೂ ಇಂಥ ತಪ್ಪು ಮಾಡಲಾರರು. ಅವರು ಕೇಳಿಯಾದರೂ ತಿಳಿದುಕೊಳ್ಳುತ್ತಿದ್ದರು. ನಾನು ಮನೆಯವಳು, ಗೊತ್ತಿದೆಯೆಂದುಕೊಂಡೆ.

ಆಯಿ ತೊಟ್ಟು ಬಿಡಿಸುತ್ತಲೇ ಹೇಳಿದಳು. ಅಪ್ಪ ಹುಟ್ಟುವುದಕ್ಕೆ ಮೊದಲಿನ ಮಾತು. ಮಲ್ಲಟದ ಕಡೆ ಕಾಲುವೆ ತೋಡುವ ಕೆಲಸಕ್ಕೆ ಗಂಡ ಹೆಂಡತಿ ಹೋಗಿದ್ದರು. ಚೊಚ್ಚಲ ಮಗಳು, ಹನ್ನೊಂದು ತಿಂಗಳು. ಆಗಷ್ಟೇ ನಾಲ್ಕು ಹಲ್ಲು ಬಂದಿದ್ದವು, ರೊಟ್ಟಿ ಬಡಿಯುವ ಸಪ್ಪಳಕ್ಕೆ ಅಂಬೆಗಾಲಿಟ್ಟು ಬಂದು ಕೈಯೊಡ್ಡುತ್ತಿದ್ದಳು. ಊದಿ ಆರಿಸಿ ಕೊಡದಿದ್ದರೆ ಸಿಟ್ಟು ಮಾಡುತ್ತಿದ್ದಳು. ಬೇಸಿಗೆಯ ದಿನ. ಜಾಲಿಯ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ ಆಯಿ ಬುಟ್ಟಿ ಹೊರುತ್ತಿದ್ದಳು. ಜಾಲಿಯ ನೆರಳು ಎಷ್ಟಿರುತ್ತದೆ, ಮಧ್ಯಾಹ್ನಕ್ಕೆ ಅದೂ ಸರಿದು ಹೋಯಿತು.

“ಅಳಾಕತ್ತಿದ್ಲು. ಹಾಲು ಕುಡಿಸಿ ಬರ್ತೀನ್ರೀ ಅಂದೆ. ಮೇಸ್ತ್ರಿ, ಸಾಹೇಬ್ರು ಬರೋ ಹೊತ್ತು, ಸಾಲು ಮುರೀಬ್ಯಾಡ ಅಂದ. ಆಮ್ಯಾಗ ಅಳು ನಿಂತ್ತು. ಮಲಗಿದ್ಲು ಅಂದ್ಕೊಂಡೆ ನಾ. ಮಲಗಿದ್ಲಲ್ಲ ಅಂತ ಮನಸು ಹಗೂರಾಗಿ ಇನ್ನ ನಾಕು ಬುಟ್ಟಿ ಹೊತ್ತೆ.”

ನನ್ನ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೇ ಇತ್ತು.

“ಏರಿ ಪಕ್ಕದಾಗ ಮಣ್ಣು ಮಾಡಿದ್ವಿ. ಮ್ಯಾಲ ಒಂದು ಕಲ್ಲಿಟ್ವಿ. ವರ್ಷ ಆದ ಮ್ಯಾಲ, ಕಾಲುವಿ ಅಗಲ ಮಾಡ್ತಾರ, ಆ ಜಾಗನೂ ತೋಡ್ತಾರ ಅಂತ ಸುದ್ದಿ ಬಂತು. ಓಡಿ ಹೋಗಿ ಕಲ್ಲು ತಂದೆ. ಮುಂದಿನ ವರ್ಷ ನೀರು ಬಿಟ್ರು. ಆಕಿ ಮ್ಯಾಲೇ ಹಾದು ಹೋತು ನೋಡು. ಆ ನೀರಿನ ವಾಸನಿ ಇನ್ನ ನನ್ನ ಮೂಗಿನಾಗದ.”

“ಹೊಳಿ ದಂಡ್ಯಾಗ ಇದನ್ನ ಯಾಕ ಹೇಳಲಿಲ್ಲ ಆಯಿ?”

“ನೀ ಜವಾಬು ಕೇಳಿದಿ. ಜವಾಬು ಕೇಳಿದ್ರ ನಾ ಏನಂತ ಕೊಡಲಿ? ಆ ನಾಕು ಬುಟ್ಟಿ ಹೊತ್ತಾಕಿ ನಾನೇ ಅಲ್ಲೇನು?” ಎಂದಳು. ಇನ್ನೊಂದು ತೊಟ್ಟು ಮುರಿದು, “ಮತ್ತ ನಿಮ್ಮಪ್ಪಗ ಹೇಳಬ್ಯಾಡ. ಕೊರಗ್ತಾನ.”

ಆ ಮೇಸ್ತ್ರಿಯ ಹೆಸರು ಆಯಿಗೆ ಗೊತ್ತಿರಲಿಲ್ಲ. ಸಾಹೇಬರು ಆ ದಿನ ಬಂದರೋ ಇಲ್ಲವೋ ಅದೂ ನೆನಪಿರಲಿಲ್ಲ. ಹಾಲು ಕುಡಿಸಲು ಬಿಡದ ಮನುಷ್ಯ, ನೂರಾರು ಹೆಂಗಸರು ಮಣ್ಣು ಹೊರುವಲ್ಲಿ ಕೂಸುಗಳಿಗೊಂದು ಚಪ್ಪರ ಹಾಕಿಸದ ದೊಡ್ಡವರು, ಕಾಲುವೆಯ ನಕ್ಷೆಯ ಮೇಲೆ ಗೆರೆ ಎಳೆಯುವಾಗ ಅದರಡಿ ಯಾರು ಮಲಗಿದ್ದಾರೆಂದು ಕೇಳದವರು, ಇವರೆಲ್ಲ ಜವಾಬು ಕೊಡಬೇಕಾದವರು. ಅವರನ್ನು ಯಾರೂ ಕೇಳಲಿಲ್ಲ. ಅರವತ್ತು ವರ್ಷ ಆಯಿ ಅವರ ಪಾಲಿನ ತಪ್ಪನ್ನೂ ತನ್ನ ಸೆರಗಿಗೇ ಕಟ್ಟಿಕೊಂಡು ದಿನಾ ಒಂದು ಚೂರು ರೊಟ್ಟಿಯಲ್ಲಿ ಜವಾಬು ಕೊಡುತ್ತ ಬಂದಳು. ಕಾಲುವೆಯ ಕಟ್ಟೆಗಳಲ್ಲಿ ಉದ್ಘಾಟನೆಯ ಕಲ್ಲುಗಳನ್ನು ನಾನು ನೋಡಿದ್ದೇನೆ. ಅವುಗಳ ಮೇಲೆ ಎಷ್ಟೊಂದು ಹೆಸರುಗಳು. ನಮ್ಮ ಮನೆಯ ಕಲ್ಲಿಗಿದ್ದುದು ಒಂದೇ ಹೆಸರು. ಅದನ್ನೂ ನಾನು ದೇವರದೆಂದು ಬರೆದುಕೊಂಡು ಹೊಳೆಗೆ ಬಿಡಿಸಿದೆ. ನ್ಯಾಯದ ಹೆಸರಿನಲ್ಲಿ ಎತ್ತಿದ ನನ್ನ ದನಿ, ಹೊಳೆದಂಡೆಯಲ್ಲಿ, ಆ ಮೇಸ್ತ್ರಿಯ ದನಿಗಿಂತ ಬೇರೆಯಾಗಿತ್ತೆಂದು ನಾನು ಹೇಗೆ ಹೇಳಲಿ? ಅವನೂ ಎಲ್ಲರೆದುರು ಸಾಲು ಮುರಿಯಬೇಡ ಎಂದಿದ್ದ. ನಾನೂ ಅದನ್ನೇ ಅಂದೆ.

ವೈಶಾಖದಲ್ಲಿ ಹೊಳೆ ಹಿಂದೆ ಸರಿಯಿತು. ನಾನು ಯಾರಿಗೂ ಹೇಳದೆ ಗೂಗಲ್ಲಿಗೆ ಹೋದೆ. ಆಯಿ ಕೂತಿದ್ದ ಬಂಡೆ ಈಗ ನೀರಿನಿಂದ ಬಹಳ ದೂರ, ಒಣಗಿ ನಿಂತಿತ್ತು. ಅದರ ಕೆಳಗೆ ಕಣ್ಣು ಹಾಯುವಷ್ಟು ಉದ್ದಕ್ಕೂ ಕಲ್ಲುಗಳು. ಫೋನಿನಲ್ಲಿ ಆ ಫೋಟೊ ತೆರೆದು, ದೊಡ್ಡದು ಮಾಡಿ, ಒಂದೊಂದೇ ಕಲ್ಲು ಎತ್ತಿ ಹೋಲಿಸಿ ನೋಡತೊಡಗಿದೆ. ಜಂಬಕ್ಕೆ ತೆಗೆದ ಚಿತ್ರ ಈಗ ಕಳೆದುಹೋದವರ ಚಿತ್ರವಾಗಿತ್ತು. ಕುರಿಗಳಿಗೆ ನೀರು ಕುಡಿಸಲು ಬಂದ ಮುದುಕನೊಬ್ಬ ಕೋಲಿಗೆ ಗದ್ದ ಆನಿಸಿ ಬಹಳ ಹೊತ್ತು ನೋಡಿದ.

“ಬಂಗಾರ ಕಳಕೊಂಡೀಯೇನವ್ವಾ?”

“ಇಲ್ಲ ಯಪ್ಪಾ. ಕಲ್ಲು.”

“ಕಲ್ಲಾ?” ಎಂದು ಹೊಳೆಯ ಉದ್ದಕ್ಕೂ ನೋಡಿದ. “ಹಂಗಾದ್ರ ಸರಿಯಾದ ಜಾಗಕ್ಕೇ ಬಂದೀ ಬಿಡು.”

ನಾಲ್ಕು ದಿನ ಹೋದೆ. ಐದನೇ ದಿನ ಒಂದು ಸಿಕ್ಕಿತು. ಮುಷ್ಟಿಯ ಗಾತ್ರ, ಕಪ್ಪು ಮೈ, ಅಡ್ಡಕ್ಕೆ ಬಿಳಿ ಗೆರೆ. ಒಂದು ಕಡೆ ಚಪ್ಪಟೆಯೂ ಇತ್ತು. ಗೆರೆ ಮಾತ್ರ ಸ್ವಲ್ಪ ಓರೆ. ಇದು ಅದಲ್ಲವೆಂದು ನನಗೆ ಗೊತ್ತಿತ್ತು. ಆಯಿಯ ಕಣ್ಣಿಗೆ ಪೊರೆ ಬಂದಿದೆ, ಗೆರೆ ಕಾಣುವುದಿಲ್ಲ ಎಂಬುದೂ ಗೊತ್ತಿತ್ತು. ಇಡೀ ತಾಲ್ಲೂಕಿಗೆ ಸತ್ಯ ಹೇಳಿರೆಂದು ಕೂಗಿದ ಬಾಯಿಂದ ಆ ದಿನ ಸಂಜೆ ಸುಳ್ಳು ಬಹಳ ಸಲೀಸಾಗಿ ಬಂದಿತು.

“ಆಯಿ, ಸಿಕ್ಕಿತು ನೋಡು.”

“ಏನು?”

ಕೈಯಲ್ಲಿಟ್ಟೆ. ಆಯಿ ಹೊರಸಿನ ಮೇಲೆ ಎದ್ದು ಕೂತಳು. ಎರಡೂ ಕೈಯಲ್ಲಿ ತಿರುಗಿಸಿದಳು. ಹೆಬ್ಬೆರಳಿನಿಂದ ಅಂಚು ಸವರಿದಳು. ಮೂಗಿನ ಹತ್ತಿರ ಹಿಡಿದಳು.

“ಇಷ್ಟು ದೊಡ್ಡ ಹೊಳ್ಯಾಗ ಸಿಕ್ತೇನು?”

“ಸಿಕ್ತು.”

“ಚಲೋ ಆತು,” ಎಂದು ದಿಂಬಿನ ಪಕ್ಕಕ್ಕಿಟ್ಟುಕೊಂಡಳು. “ನಿನ್ನ ಮುಖ ನೋಡು, ಹಂಚಾಗೇದ. ಹೋಗಿ ಮುಖ ತೊಳಕೋ.”

ಮರುದಿನದಿಂದ ರೊಟ್ಟಿಯ ಚೂರಿಗೆ ಜಾಗ ಸಿಕ್ಕಿತು. ಆಯಿ ಊದಿ ಆರಿಸಿ ಆ ಕಲ್ಲಿನ ಮುಂದೆ ಇಡುವುದನ್ನು ನೋಡಿ ನನ್ನ ಎದೆಯ ಭಾರ ಇಳಿದಂತಾಯಿತು. ನಾನು ಹಾಗೆಂದು ನಂಬಿಕೊಂಡು ಸುಮಾರು ಎರಡು ವಾರ ಕಳೆದೆ. ಒಂದು ಬೆಳಿಗ್ಗೆ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಆಕೆಯ ಮಾತು ಕಿವಿಗೆ ಬಿತ್ತು.

“ಎದ್ದಿಯೇನವ್ವಾ.”

ಅಷ್ಟೇ. ಹೆಸರಿರಲಿಲ್ಲ. ನಾಳೆ ಹೇಳಬಹುದೆಂದು ಮರುದಿನವೂ ನಿಂತು ಕೇಳಿದೆ. ಅದರ ಮರುದಿನವೂ ಕೇಳಿದೆ. ದುರಗವ್ವ ಎಂಬ ಮಾತು ಆಯಿಯ ಬಾಯಿಂದ ಮತ್ತೆ ಬರಲಿಲ್ಲ.

ಆಷಾಢ ಮತ್ತೆ ಬಂದಿತು. ಆಯಿ ಏಳುವುದು ನಿಂತಿತು. ಊಟ ಚಮಚೆಗಿಳಿಯಿತು. ಅಪ್ಪ ಶಾಲೆಗೆ ರಜೆ ಹಾಕಿ ಹೊರಸಿನ ಪಕ್ಕದಲ್ಲೇ ಕೂತಿದ್ದರು. ಒಂದು ಬೆಳಿಗ್ಗೆ ಅವರು ಔಷಧಿ ತರಲು ಹೋದಾಗ ಆಯಿ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದಳು. ದಿಂಬಿನ ಪಕ್ಕದ ಕಲ್ಲನ್ನು ಬೆರಳಿನಿಂದ ನನ್ನ ಕಡೆ ನೂಕಿದಳು.

“ಇದನ್ನ ತಂದಲ್ಲೇ ಇಟ್ಟು ಬಾ.”

“ಯಾಕ ಆಯಿ?”

“ಯಾರದೋ ಏನೋ. ಪಾಪ, ಅವರು ಹುಡುಕಾಕತ್ತಿರ್ತಾರ.”

“ಆಯಿ, ನಾನು...”

“ಇರ್ಲಿ ಬಿಡು. ಬಿಸಲಾಗ ಹೋಗಿದ್ದು ಖರೆ ಹೌದಿಲ್ಲೋ? ಮುಖ ಎಷ್ಟು ಕರ್ರಗಾಗಿತ್ತು ನಿಂದು.”

ತಪ್ಪಾಯಿತು ಎಂಬ ಮಾತು ನನ್ನ ಬಾಯಲ್ಲಿತ್ತು. ಅಪ್ಪನ ಸೈಕಲ್ ಮೋಟಾರಿನ ಸಪ್ಪಳ ಕೇಳಿತು, ಆಯಿ ಸುಮ್ಮನಿರು ಎಂಬಂತೆ ಕಣ್ಣು ಮುಚ್ಚಿದಳು, ನಾನು ಸುಮ್ಮನಾದೆ. ಸಂಜೆ ಹೇಳೋಣವೆಂದುಕೊಂಡೆ. ಸಂಜೆ ಆಯಿಗೆ ಮಾತು ನಿಂತಿತ್ತು. ಮೂರನೇ ದಿನ ಮಧ್ಯಾಹ್ನ ಹೋದಳು. ನೂರಾರು ಜನ ಬಂದರು. ಎಲ್ಲರೂ ಆಯಿಯ ಕೈಯ ರೊಟ್ಟಿ ಉಂಡವರೇ. ನನ್ನ ಗೆಳೆಯರು ಆಕೆಯನ್ನು ತಾಯಿ ಎಂದು ಕೊಂಡಾಡಿ ಮಾತಾಡಿದರು. ನನಗೂ ಮಾತಾಡಲು ಹೇಳಿದರು. ಅಷ್ಟು ಸಭೆಗಳಲ್ಲಿ ಮಾತಾಡಿದವಳಿಗೆ ಅಲ್ಲಿ ಒಂದು ವಾಕ್ಯ ಹೊರಡಲಿಲ್ಲ.

ಕಲ್ಲನ್ನು ಗೂಗಲ್ಲಿಗೆ ಒಯ್ದು, ಪ್ರವಾಹ ಮುಟ್ಟದಷ್ಟು ಮೇಲೆ, ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವಂತೆ ಬಂಡೆಯ ಮೇಲೆ ಇಟ್ಟು ಬಂದೆ. ಹುಡುಕುವವರಿದ್ದರೆ ಸಿಗಲಿ ಎಂದು. ಅಪ್ಪನಿಗೆ ಹೇಳಿದ್ದು ಒಂದು ವರ್ಷ ಕಳೆದ ಮೇಲೆ. ಆಯಿ ಬೇಡವೆಂದಿದ್ದಳು, ಆ ಮಾತನ್ನೂ ನಾನು ಮೀರಿದೆ. ಆಯಿಯೊಬ್ಬಳೇ ಹೊತ್ತದ್ದನ್ನು ಅವರೂ ಹೊರಬೇಕೆಂದು ನನಗನಿಸಿತು, ಅದು ಸರಿಯೋ ತಪ್ಪೋ ಇನ್ನೂ ತಿಳಿದಿಲ್ಲ. ಅಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ನನಗ ಅಕ್ಕ ಇದ್ಲಾ?” ಎಂದರು. ನಿವೃತ್ತಿಯ ಅಂಚಿನಲ್ಲಿದ್ದ ಮಾಸ್ತರರ ಬಾಯಲ್ಲಿ ‘ಅಕ್ಕ’ ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ಜಾಲತಾಣದ ಆ ಫೋಟೊವನ್ನು ನಾನು ಅಳಿಸಿಲ್ಲ. ಅಳಿಸಿದರೆ ಸಾಕ್ಷಿ ಹೋಗುತ್ತದೆ.

ಮಲ್ಲಟದ ಏರಿಯ ಮೇಲೆ ಆ ಹೆಂಗಸು ಇನ್ನೂ ನಿಂತಿದ್ದಳು. ನೊರೆಯ ತುದಿ ನಮ್ಮನ್ನು ದಾಟಿ ಮುಂದೆ ಹೋಗಿತ್ತು. ಅದರ ಹಿಂದೆ ಕಾಲುವೆ ಮೆಲ್ಲಗೆ ಮೇಲೇರುತ್ತಿತ್ತು. ನಾನು ತಡಮಾಡಿದ್ದು ಕಂಡು, ಕೇಳಿಸಲಿಲ್ಲವೇನೋ ಎಂದು ಆಕೆ ಹೊರೆ ಸರಿಮಾಡಿಕೊಂಡು ಮತ್ತೊಮ್ಮೆ ಕೇಳಿದಳು.

“ಅಲ್ರೀ, ಯಾರ ಮನಿಗಿ ಬಂದೀರಿ?”

“ದುರಗವ್ವನ ತಮ್ಮನ ಮಗಳ್ರೀ ನಾನು.”

“ಯಾವ ದುರಗವ್ವ? ನಮ್ಮೂರಾಗ ಹತ್ತು ಮಂದಿ ದುರಗವ್ವ ಅದಾರ.”

“ಕಾಲುವಿ ತೋಡುವಾಗ ಇಲ್ಲೇ ಉಳದಾಕಿ. ಹನ್ನೊಂದು ತಿಂಗಳ ಕೂಸು.”

ಆಕೆ ನನ್ನ ಮುಖ ನೋಡಿದಳು, ನೀರು ನೋಡಿದಳು. ತಲೆಯ ಮೇಲಿನ ಹೊರೆಯನ್ನು ಏರಿಯ ಮೇಲೆ ಇಳಿಸಿದಳು.

“ಎಲ್ಲಿ?” ಎಂದು ಕೇಳಿದಳು.

ಅದು ನನಗೆ ಗೊತ್ತಿರಲಿಲ್ಲ. ಚೀಲದಲ್ಲಿ ಬುತ್ತಿಯಿತ್ತು. ಒಂದು ರೊಟ್ಟಿ ತೆಗೆದು, ಹೆಬ್ಬೆರಳಿನ ಗಾತ್ರದ ಚೂರು ಮುರಿದೆ. ಬೆಳಿಗ್ಗೆಯ ರೊಟ್ಟಿ, ಆರಿ ಎಷ್ಟೋ ಹೊತ್ತಾಗಿತ್ತು. ಆದರೂ ಊದಿದೆ.